ಕರಿ: ಸದ್ದೊಂದು, ಬೇರು ಹಲವು

‘ಹಪ್ಪಳ ಕರಿ’ ಎಂದರೆ ಎಣ್ಣೆಗೆ ಬಿಡು ಎಂದರ್ಥ. ‘ಕರಿ ಹಲಗೆ’ ಎಂದರೆ ಕಪ್ಪು. ‘ಕರಿಘಟೆ’ ಎಂದರೆ ಆನೆಗಳ ಹಿಂಡು. ಮೊದಲೆರಡು ದ್ರಾವಿಡದವು, ತಮಿಳಿನಲ್ಲಿ ಇದ್ದಿಲಿಗೂ ‘ಕರಿ’ ಎಂದೇ ಹೆಸರು. ಆನೆಯದು ಸಂಸ್ಕೃತ: ಕರ ಎಂದರೆ ಕೈ, ಸೊಂಡಿಲು, ಅದುಳ್ಳದ್ದು ಕರಿ. ಹಾಗಾಗಿ ಗಣಪನನ್ನು ‘ಕರಿಮುಖ’ ಎಂದರೆ ಅದು ಬಣ್ಣದ ಮಾತಲ್ಲ. ಆನೆಯೂ ಕಪ್ಪಗಿರುವುದು ನಮ್ಮನ್ನು ದಾರಿ ತಪ್ಪಿಸಲಿಕ್ಕೇ ಏನೋ!

ತಮಿಳಿನಲ್ಲಿ ಇನ್ನೊಂದು ‘ಕಱಿ’ ಇದೆ: ಪಲ್ಯ, ಮಾಂಸ, ಮೇಲೋಗರ. ಬರೆಯುವುದು ಶಕಟರೇಫದಲ್ಲಿ, ಅಂದರೆ ಹಳಗನ್ನಡದಲ್ಲಿದ್ದು ನಾವು ಕೈಬಿಟ್ಟ ‘ಱ’ದಲ್ಲಿ. ಈ ಕಱಿಯೇ ಪೋರ್ಚುಗೀಸರಿಗೆ ‘ಕರಿಲ್’ ಆಯಿತು, ಇಂಗ್ಲಿಷರಿಗೆ ‘ಕರ್ರಿ’ ಆಯಿತು, ಇಂಗ್ಲಿಷಿನಿಂದ ಜಪಾನಿಗೆ ಹೋಗಿ ‘ಕರೇ’ ಆಯಿತು. ತಮಿಳರು ಕರಿಬೇವಿಗೂ ಇದೇ ‘ಱ’ ಹಾಕುತ್ತಾರೆ. ಎಲೆ ಹಸಿರು, ಕಪ್ಪಾಗುವುದು ಹಣ್ಣು ಮಾತ್ರ. ನನಗಂತೂ ಅವರ ಬರಹವೇ ಸರಿಯೆನಿಸುತ್ತದೆ.

ಫಿನ್ನಿಶ್‌ನಲ್ಲೂ ‘ಕರಿ’ ಇದೆ, ನಂಟು ಮಾತ್ರ ಇಲ್ಲ: ಹಡಗಿನ ತಳಕ್ಕೆ ತಾಗುವ, ನೀರಿನ ಮಟ್ಟದ ಬಂಡೆ. ತುರ್ಕಿಯಲ್ಲಿ, ಕೊನೆಯ ಸ್ವರ ತುಸು ಬೇರೆಯಾಗಿ, ಹೆಂಡತಿ. ಆದರೆ ಬರೀ ಹೆಂಗಸು ಎಂಬರ್ಥದಲ್ಲಿ ಬಳಸಿದರೆ ಅಲ್ಲಿ ಅದು ಒರಟು ಮಾತು.