ಕೊನೆಯ ಪುಟದ ಕಲಾವಿದ

1967ರ ಏಪ್ರಿಲ್. ಸ್ಯಾನ್ ಫ್ರಾನ್ಸಿಸ್ಕೊದ ‘ಬ್ಲ್ಯಾಕ್ ಹೌಸ್’ ಎಂಬ ಮನೆಯಲ್ಲಿ ಬಾಬಿ ಸೀಲ್ ಒಂದು ಪತ್ರಿಕೆಯ ಮೊದಲ ಸಂಚಿಕೆ ಸಿದ್ಧಪಡಿಸುತ್ತಿದ್ದರು. ಒಳಗಿನ ಬರಹ ಟೈಪ್‌ರೈಟರಿನದು, ತಲೆಬರಹ ಮಾರ್ಕರ್ ಪೆನ್ನಿನದು. ಅದೇ ತಿಂಗಳ ಮೊದಲ ದಿನ ಹತ್ತಿರದ ರಿಚ್ಮಂಡ್‌ನಲ್ಲಿ ಡೆನ್ಜಿಲ್ ಡೋವೆಲ್ ಎಂಬ 22ರ ಕಪ್ಪು ಯುವಕ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಮುಖ್ಯ ಸುದ್ದಿ ಅದೇ. ನೋಡುತ್ತಿದ್ದ ಎಮೊರಿ ಡಗ್ಲಸ್ ಎಂಬ ತರುಣ, ಇದನ್ನು ಇನ್ನೂ ಚೆನ್ನಾಗಿ ಮಾಡುವ ಸಾಮಾನು ನನ್ನ ಹತ್ತಿರ ಇದೆ ಎಂದು ತರಲು ಮನೆಗೆ ಹೋದರು. ಮರಳುವಷ್ಟರಲ್ಲಿ ಕೆಲಸ ಬಹುತೇಕ ಮುಗಿದಿತ್ತು. ಆದರೆ ಹುಡುಗನ ಉತ್ಸಾಹ ಸೀಲ್ ಮತ್ತು ಹ್ಯೂಯಿ ನ್ಯೂಟನ್ ಅವರಿಗೆ ಹಿಡಿಸಿತು. ಸೈಕ್ಲೋಸ್ಟೈಲ್ ಹಾಳೆಗಳಾಗಿ ಹೊರಬಂದ ‘ದಿ ಬ್ಲ್ಯಾಕ್ ಪ್ಯಾಂಥರ್’ ಮುಂದೆ ಪೂರ್ಣ ಪ್ರಮಾಣದ ಪತ್ರಿಕೆಯಾದಾಗ, ಅದರ ರೂಪವೆಲ್ಲ ಡಗ್ಲಸ್ ಅವರ ಕೈಗೆ ಬಂತು. ಆಗ ಅವರಿಗಿನ್ನೂ 24 ತುಂಬಿರಲಿಲ್ಲ.

ಅವರು ಕಲಿತದ್ದು ಎಲ್ಲಿ? ಮೊದಲ ಪಾಠ ಬಾಲಾಪರಾಧಿಗಳ ಸುಧಾರಣಾ ಗೃಹದಲ್ಲಿ. ಹದಿಹರೆಯದಲ್ಲಿ ಅಲ್ಲಿಗೆ ಹೋದ ಹುಡುಗನನ್ನು ಮುದ್ರಣ ವಿಭಾಗದಲ್ಲಿ ಕೆಲಸಕ್ಕೆ ಹಾಕಿದರು. ಮಸಿ, ಕಾಗದ, ಅಚ್ಚಿನ ಪರಿಚಯ ಆದದ್ದು ಹಾಗೆ. ಎರಡನೆಯದು ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಕಾಲೇಜು. ಅಲ್ಲಿ ಓದಿದ್ದು ಕಮರ್ಷಿಯಲ್ ಆರ್ಟ್. ಸರಕು ಮಾರಲು ಕಣ್ಣನ್ನು ಹೇಗೆ ಹಿಡಿದು ನಿಲ್ಲಿಸಬೇಕು, ಅಕ್ಷರಕ್ಕೂ ಚಿತ್ರಕ್ಕೂ ಪುಟದಲ್ಲಿ ಎಷ್ಟು ಜಾಗ, ಮುದ್ರಣಕ್ಕೆ ಪುಟವನ್ನು ಹೇಗೆ ಅಂಟಿಸಿ ಸಿದ್ಧಮಾಡಬೇಕು ಎಂಬ ವಿದ್ಯೆ. ಜಾಹೀರಾತು ಕಂಪನಿಗಾಗಿ ಹುಟ್ಟಿದ ಈ ವಿದ್ಯೆಯನ್ನು ಅವರು ತಿರಸ್ಕರಿಸಲಿಲ್ಲ; ಯಾರ ಪರವಾಗಿ ಬಳಸಬೇಕು ಎಂಬುದನ್ನಷ್ಟೇ ಬದಲಿಸಿದರು.

ಅವರ ವಿಚಾರ ಸರಳ. ಪತ್ರಿಕೆಯ ಉದ್ದುದ್ದ ಲೇಖನಗಳನ್ನು ಕೇರಿಯ ಎಲ್ಲರೂ ಓದಲಾರರು. ಓದಲಾಗದವರಿದ್ದರು, ದುಡಿದು ದಣಿದು ಓದುವ ತಾಳ್ಮೆ ಉಳಿಯದವರಿದ್ದರು. ಅಂಥವರಿಗೆ ಚಿತ್ರ ಮತ್ತು ಅದರ ಕೆಳಗಿನ ಒಂದೆರಡು ಸಾಲಿನಲ್ಲೇ ವಿಷಯ ದಾಟಬೇಕು. ಆದ್ದರಿಂದ ಕೊನೆಯ ಪುಟ ಪೂರ್ತಿ ಪೋಸ್ಟರ್ ಆಯಿತು. ಬಡಾವಣೆಯ ಗೋಡೆಗಳ ಮೇಲೆ ಅವನ್ನು ಅಂಟಿಸಿದರು. ಗ್ಯಾಲರಿ ಎಂದರೆ ಬೀದಿಯೇ ಎಂದು ಡಗ್ಲಸ್ ಹೇಳುತ್ತಿದ್ದುದು ಇದೇ ಅರ್ಥದಲ್ಲಿ.

ಹಣ ಕಡಿಮೆ. ಕಪ್ಪಿನ ಜೊತೆ ಸಾಮಾನ್ಯವಾಗಿ ಇನ್ನೊಂದೇ ಬಣ್ಣ. ಮರದ ಅಚ್ಚಿನ ಚಿತ್ರಗಳ ಗಡಸುತನ ಅವರಿಗೆ ಬೇಕಿತ್ತು, ಆದರೆ ವಾರಪತ್ರಿಕೆಯ ಅವಸರದಲ್ಲಿ ಮರ ಕೆತ್ತಲು ಸಮಯವೆಲ್ಲಿ? ದಪ್ಪ ಗೆರೆಗಳನ್ನೆಳೆದು, ಅಂಗಡಿಯಲ್ಲಿ ಸಿಗುವ ಚುಕ್ಕೆ-ಗೆರೆಯ ಅಂಟುಹಾಳೆ ಕತ್ತರಿಸಿ ಹಚ್ಚಿ, ಅದೇ ಪರಿಣಾಮ ತಂದರು. ಇಂದು ‘ಎಮೊರಿ ಶೈಲಿ’ ಎನ್ನುವುದರಲ್ಲಿ ಬಹುಪಾಲು ಈ ಬಡತನದ ಲೆಕ್ಕಾಚಾರವೇ.

ಮೊದಲ ವರ್ಷಗಳಲ್ಲಿ ಆ ಪುಟಗಳ ತುಂಬ ಬಂದೂಕುಗಳು ಮತ್ತು ಹಂದಿಗಳು. ಪೊಲೀಸನನ್ನು ಹಂದಿಯಾಗಿ ಬರೆಯುವ ಸೂಚನೆ ನ್ಯೂಟನ್ ಮತ್ತು ಸೀಲ್ ಅವರದು. ಅದನ್ನು ಎರಡು ಕಾಲಿನ ಮೇಲೆ ನಿಲ್ಲಿಸಿ, ಸಮವಸ್ತ್ರ ತೊಡಿಸಿ, ಸುತ್ತ ನೊಣ ಹಾರಿಸಿದ್ದು ಡಗ್ಲಸ್. ಹೆದರಿ ಬದುಕಿದವರು ನಗುವಂತಾಯಿತು. ಹೆದರಿಕೆ ಕರಗುವುದು ಹಾಗೆಯೇ. ಆದರೂ ಮನುಷ್ಯನನ್ನು ಪ್ರಾಣಿಯಾಗಿಸುವುದು ಬಿಳಿಯರ ಪತ್ರಿಕೆಗಳು ಕಪ್ಪು ಜನರ ಮೇಲೆ ನೂರು ವರ್ಷ ಬಳಸಿದ ಆಯುಧವೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ನನಗೆ ಆ ಚಿತ್ರಗಳಲ್ಲಿ ಸಿಟ್ಟು ಕಾಣುತ್ತದೆ, ದಾರಿ ಕಾಣುವುದಿಲ್ಲ.

ದಾರಿ ಕಾಣುವುದು ಆಮೇಲಿನ ಚಿತ್ರಗಳಲ್ಲಿ. 1969ರ ಜನವರಿಯಲ್ಲಿ ಓಕ್ಲಂಡ್‌ನ ಚರ್ಚ್ ಒಂದರಲ್ಲಿ ಪ್ಯಾಂಥರ್ ಪಕ್ಷ ಶಾಲಾಮಕ್ಕಳಿಗೆ ಉಚಿತ ಬೆಳಗಿನ ಉಪಾಹಾರ ಆರಂಭಿಸಿತು. ನಂತರ ದವಾಖಾನೆ, ದಿನಸಿ ಹಂಚಿಕೆ. ನಿಧಾನಕ್ಕೆ ಚಿತ್ರದ ಮುನ್ನೆಲೆಯಿಂದ ಬಂದೂಕು ಸರಿದು, ದಿನಸಿ ಚೀಲ ಹಿಡಿದ ಹೆಂಗಸು, ಇಲಿ ಓಡಾಡುವ ಬಾಡಿಗೆ ಮನೆಯ ತಾಯಿ, ನಗುವ ಮಗು ಬಂದರು. 1971ರ ಒಂದು ಚಿತ್ರದಲ್ಲಿ ಹುಡುಗನೊಬ್ಬನ ಕನ್ನಡಕದ ಗಾಜಿನಲ್ಲಿ ಪಕ್ಷದ ಸೇವಾಕಾರ್ಯದ ಫೋಟೊ ಇದೆ. ರಾಜಕೀಯ ಪ್ರಗತಿ ಎಂದರೇನು ಎಂಬುದಕ್ಕೆ ಡಗ್ಲಸ್ ಕೊಟ್ಟ ಉತ್ತರ ಅದು ಎಂದು ನಾನು ತಿಳಿಯುತ್ತೇನೆ: ದೂರದ ಕ್ರಾಂತಿಯಲ್ಲ, ನಾಳೆ ಬೆಳಗಿನ ತಟ್ಟೆ. 1973ರಲ್ಲಿ ಸೀಲ್ ಓಕ್ಲಂಡ್ ಮೇಯರ್ ಚುನಾವಣೆಗೆ ನಿಂತು ಸೋತರು. ಆ ಹೊತ್ತಿಗೆ ಪಕ್ಷ ಮತ ಕೇಳುವುದನ್ನು ಕಲಿತಿತ್ತು.

ಸರ್ಕಾರ ಇದನ್ನು ಲಘುವಾಗಿ ತೆಗೆದುಕೊಳ್ಳಲಿಲ್ಲ. ಪತ್ರಿಕೆ ಆಗ ವಾರಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಹೋಗುತ್ತಿತ್ತು, ಬೆಲೆ 25 ಸೆಂಟ್. ಕಟ್ಟುಗಳ ಮೇಲೆ ದುರ್ನಾತದ ರಾಸಾಯನಿಕ ಚಿಮುಕಿಸುವ ಪ್ರಸ್ತಾಪವೂ ಎಫ್‌ಬಿಐ ಒಳಗೆ ಓಡಾಡಿತ್ತೆಂದು 1976ರ ಸೆನೆಟ್ ಸಮಿತಿಯ ವರದಿ ಹೇಳುತ್ತದೆ. ಹೊರಗಿನ ಪೆಟ್ಟಿನ ಜೊತೆಗೆ ಒಳಗಿನ ಒಡಕು, ಹಿಂಸೆ, ನಾಯಕರ ದರ್ಪವೂ ಸೇರಿ ಪಕ್ಷ ಕುಸಿಯಿತು. 1980ರಲ್ಲಿ ಪತ್ರಿಕೆ ನಿಂತಿತು.

ಡಗ್ಲಸ್ ಮುಂದೆ ಕಪ್ಪು ಸಮುದಾಯದ ಸ್ಥಳೀಯ ಪತ್ರಿಕೆಯೊಂದರಲ್ಲಿ ದುಡಿದರು. 2007ರಲ್ಲಿ ಲಾಸ್ ಏಂಜಲಿಸ್‌ನ ಸಮಕಾಲೀನ ಕಲಾ ಸಂಗ್ರಹಾಲಯ ಅವರ ಚಿತ್ರಗಳನ್ನು ಪ್ರದರ್ಶಿಸಿತು. 2015ರಲ್ಲಿ ಅಮೆರಿಕದ ಗ್ರಾಫಿಕ್ ವಿನ್ಯಾಸಕಾರರ ಸಂಸ್ಥೆ ಎಐಜಿಎ ತನ್ನ ಪದಕ ಕೊಟ್ಟಿತು. ಗೋಡೆಗೆ ಅಂಟಿಸಿದ್ದ ಹಾಳೆ ಈಗ ಗಾಜಿನ ಚೌಕಟ್ಟಿನಲ್ಲಿದೆ. ಅದು ಗೌರವವೇ, ಆದರೆ ಅದನ್ನು ನೋಡಲು ಟಿಕೆಟ್ ಬೇಕಾಗುವ ದಿನ, ಅದು ಯಾರಿಗಾಗಿ ಹುಟ್ಟಿತೋ ಅವರಿಂದ ಒಂದು ಹೆಜ್ಜೆ ದೂರವಾಗಿರುತ್ತದೆ.

ನಮಗೂ ಈ ಕಥೆ ಪರಕೀಯವಲ್ಲ. 1972ರಲ್ಲಿ ಮುಂಬಯಿಯ ತರುಣ ಲೇಖಕರು ಕಟ್ಟಿದ ದಲಿತ ಪ್ಯಾಂಥರ್ ತನ್ನ ಹೆಸರನ್ನು ಓಕ್ಲಂಡ್‌ನಿಂದಲೇ ಪಡೆಯಿತು. ಕರ್ನಾಟಕದಲ್ಲಿ ಅದೇ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಬಂದಾಗ, ಅಲ್ಲಿ ಕೊನೆಯ ಪುಟ ಮಾಡಿದ ಕೆಲಸವನ್ನು ಇಲ್ಲಿ ಹಾಡು ಮಾಡಿತು. ಅಕ್ಷರ ಬಾರದವರ ಬಾಯಿಗೂ ಸಿದ್ಧಲಿಂಗಯ್ಯನವರ ಹಾಡುಗಳು ಬಂದವು. ಡಗ್ಲಸ್ ಗೆರೆ ಎಳೆಯುವ ಮೊದಲು ಕೇಳಿಕೊಂಡದ್ದೂ ಆ ಹಾಡುಗಳ ಹಿಂದಿದ್ದ ಪ್ರಶ್ನೆಯನ್ನೇ: ಓದಲಾರದವರಿಗೆ ಇದು ತಲುಪುತ್ತದೆಯೇ? ಇಂದು ಲ್ಯಾಪ್‌ಟಾಪಿನಲ್ಲಿ ಲಕ್ಷ ಬಣ್ಣ ಇಟ್ಟುಕೊಂಡು ವಿನ್ಯಾಸ ಕಲಿಯುತ್ತಿರುವವರೂ ಮೊದಲು ಕೇಳಿಕೊಳ್ಳಬೇಕಾದದ್ದು ಅದನ್ನೇ.