ಒಂದು ಒಕ್ಕಣೆಯ ಕಥೆ

ಹಳೆಯ ಗ್ರೀಕ್ ಪತ್ರಗಳ ಒಕ್ಕಣೆ ಬಹು ಚಿಕ್ಕದು: ಇಂಥವನು ಇಂಥವನಿಗೆ, 'ಖೈರೇನ್'. ಸಂತೋಷವಾಗಿರು ಎಂಬುದು ಪದದ ಅರ್ಥ. ಈಜಿಪ್ಟಿನ ಮರಳಿನಲ್ಲಿ ದೊರೆತ ಪಪೈರಸ್ ಓಲೆಗಳಲ್ಲಿ ಮಗನೂ ವ್ಯಾಪಾರಿಯೂ ಅಧಿಕಾರಿಯೂ ಇದನ್ನೇ ಬರೆದಿದ್ದಾರೆ; ಕೈಯಿಂದ ಕೈಗೆ ಸವೆದ ನಾಣ್ಯ ಅದು.

ಕ್ರಿ.ಶ. 50ರ ಸುಮಾರಿಗೆ ಥೆಸಲೋನಿಕದ ಕ್ರೈಸ್ತರಿಗೆ ಬರೆದ ಸಂತ ಪೌಲ ಆ ಸ್ಥಾನದಲ್ಲಿ 'ಖರಿಸ್' ಎಂದ, ಎಂದರೆ ಕೃಪೆ. ಕಿವಿಗೆ ಹಳೆಯ ಪದದ ಸೋದರನಂತೆಯೇ ಕೇಳಿಸುತ್ತದೆ. ಅದರ ಪಕ್ಕಕ್ಕೆ 'ಐರೇನೆ', ಶಾಂತಿ, ಬಂದು ಕೂತಿತು. ಇದರ ಬೆನ್ನಿಗೆ ಯೆಹೂದ್ಯರ 'ಶಾಲೋಮ್' ಇದೆ. ಮೈ, ಮನೆ, ನೆರೆಹೊರೆ ಎಲ್ಲವೂ ನೆಟ್ಟಗಿರಲೆಂಬ ಹಾರೈಕೆ ಅದರಲ್ಲಿ ಅಡಗಿದೆ. ಒಂದು ಗ್ರೀಕರದು, ಒಂದು ಯೆಹೂದ್ಯರದು ಎಂದು ಕೆಲವರು ಹಂಚಿಬಿಡುತ್ತಾರೆ. ನನಗೇನೋ ಅದು ತೀರ ಸುಲಭದ ಲೆಕ್ಕವೆನಿಸುತ್ತದೆ. ಕೃಪೆಯೆಂದರೆ ಪೌಲನಿಗೆ ಕೂಲಿಯಲ್ಲ, ಯೋಗ್ಯತೆ ನೋಡದೆ ಬಂದ ಕೊಡುಗೆ. ಶಾಂತಿ ಅದರ ಹಿಂದೆ ಬರತಕ್ಕದ್ದು. ಅವನ ಒಕ್ಕಣೆಗಳಲ್ಲಿ ಈ ಕ್ರಮ ಎಂದೂ ಅದಲುಬದಲಾಗಿಲ್ಲ.

ಗಲಾತ್ಯದವರಿಗೆ ಬರೆದ ಪತ್ರವನ್ನು ನೋಡಿರಿ. ಯೆಹೂದ್ಯರಲ್ಲದ ಕ್ರೈಸ್ತರೂ ಸುನ್ನತಿ ಮಾಡಿಸಿಕೊಳ್ಳಬೇಕೆಂದು ಕೆಲವರು ಅಲ್ಲಿ ಒತ್ತಾಯ ಹೂಡಿದ್ದರು. ಜನ ಅತ್ತ ವಾಲುತ್ತಿದ್ದರು. ಪೌಲನಿಗೆ ಕಡುಕೋಪ. ಒಕ್ಕಣೆಯ ನಂತರ ಸಾಮಾನ್ಯವಾಗಿ ಬರುವ ಕೃತಜ್ಞತೆಯ ಮಾತನ್ನು ನುಂಗಿಬಿಟ್ಟ. ಮುಂದೆ ಅವರನ್ನು ಬುದ್ಧಿಗೇಡಿಗಳೆಂದೂ ಬೈದ. ಆದರೂ ಕೃಪೆ, ಶಾಂತಿ ಎರಡನ್ನೂ ಮೊದಲು ಅವರ ಕೈಗಿತ್ತೇ ಜಗಳಕ್ಕಿಳಿದ. ಇದು ಬರಿಯ ವಾಡಿಕೆಯಾಗಿದ್ದರೆ ಕೃತಜ್ಞತೆಯಂತೆ ಇದನ್ನೂ ಬಿಡಬಹುದಿತ್ತು.

ಪೇತ್ರನ ಹೆಸರಿನ ಪತ್ರಗಳಲ್ಲೂ ಇದೇ ಜೋಡಿಯಿದೆ. ಯಾಕೋಬನ ಹೆಸರಿನ ಪತ್ರ ಮಾತ್ರ ಹಳೆಯ 'ಖೈರೇನ್' ಅನ್ನೇ ಹಿಡಿದುಕೊಂಡಿದೆ.