ಗಾಳದ ಕೋಲಿನ ಸಾಗಣೆ

ಗಾಳದ ಕೋಲಿನ ಸಾಗಣೆ ಎಂದರೆ ಮೀನು ಹಿಡಿಯುವ ಕೋಲನ್ನು ಪ್ರಯಾಣದಲ್ಲಿ ಮುರಿಯದಂತೆ, ಡೊಂಕಾಗದಂತೆ ಮತ್ತು ತೇವದಿಂದ ಕೆಡದಂತೆ ಒಯ್ಯುವ ಕ್ರಮ. ಹಳ್ಳಿಯ ಕೆರೆಗಳಲ್ಲಿ ಬಳಸುವ ಇಡೀ ಬಿದಿರಿನ ಕೋಲಿಗೆ ಇಂತಹ ಕಾಳಜಿ ಬೇಕಾಗುವುದಿಲ್ಲ. ಅದು ಮುರಿದರೆ ಮೆಳೆಯಿಂದ ಇನ್ನೊಂದನ್ನು ಕಡಿದು ತರಬಹುದು. ರೀಲು ಮತ್ತು ದಾರದ ಉಂಗುರಗಳುಳ್ಳ ಆಧುನಿಕ ಕೋಲು ಹಾಗಲ್ಲ. ಅದು ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುವ, ತೆಳುವಾದ ಗೋಡೆಯ ಟೊಳ್ಳು ಕೊಳವೆ. ನೀರಿನಲ್ಲಿ ದೊಡ್ಡ ಮೀನಿನ ಎಳೆತವನ್ನು ತಾಳುವ ಇಂತಹ ಕೋಲು ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯುವುದು ಸಾಮಾನ್ಯ.

ಹಾನಿಯ ಸ್ವರೂಪ

1970ರ ದಶಕದಿಂದ ಪ್ರಚಾರಕ್ಕೆ ಬಂದ ಕಾರ್ಬನ್ ಕೋಲುಗಳಲ್ಲಿ ಎಳೆಗಳು ಬಹುಪಾಲು ಕೋಲಿನ ಉದ್ದಕ್ಕೆ ಸಾಗಿದ್ದು, ಅವುಗಳನ್ನು ರಾಳವು ಹಿಡಿದಿಟ್ಟಿರುತ್ತದೆ. ಕೋಲು ಬಾಗುವಾಗ ಒತ್ತಡವು ಉದ್ದಕ್ಕೂ ಹಂಚಿಹೋಗುತ್ತದೆ. ಅಡ್ಡಲಾಗಿ ಬೀಳುವ ಪೆಟ್ಟು ಮಾತ್ರ ಒಂದೇ ಕಡೆ ನಾಟಿ ರಾಳವನ್ನು ಬಿರಿಯಿಸುತ್ತದೆ. ಹೊರಮೈಯಲ್ಲಿ ಗೆರೆಯೂ ಕಾಣದಿರಬಹುದು. ಹಲವು ದಿನಗಳ ನಂತರ, ಸಣ್ಣ ಮೀನೊಂದು ಎಳೆದಾಗ ಕೋಲು ಅದೇ ಜಾಗದಲ್ಲಿ ತುಂಡಾಗುತ್ತದೆ. ಆಗ ದೂರು ತಯಾರಕರ ಮೇಲೆ ಹೋಗುವುದೇ ಹೆಚ್ಚು. ದಾರಕ್ಕೆ ಕಟ್ಟಿದ ಲೋಹದ ತೂಕವನ್ನು ಬಿಚ್ಚದೆ ವಾಹನದಲ್ಲಿ ಒಯ್ದರೆ, ಅದು ಓಲಾಡುತ್ತ ಕೋಲಿಗೆ ಬಡಿದೇ ಇಂತಹ ಗಾಯವಾಗಬಲ್ಲದು. ಫೈಬರ್‌ಗ್ಲಾಸ್ ಕೋಲುಗಳು ಹೆಚ್ಚು ಭಾರವಾದರೂ ಪೆಟ್ಟನ್ನು ಇದಕ್ಕಿಂತ ಚೆನ್ನಾಗಿ ತಾಳುತ್ತವೆ.

ಬಿದಿರನ್ನು ಸೀಳಿ ಆರು ಪಟ್ಟಿಗಳನ್ನು ಅಂಟಿಸಿ ಮಾಡುವ ಕೋಲಿಗೆ ತೇವವೇ ಮುಖ್ಯ ಶತ್ರು. ಒದ್ದೆ ಕೋಲನ್ನು ಹಾಗೆಯೇ ಚೀಲಕ್ಕೆ ಹಾಕಿ ಕೊಳವೆಯಲ್ಲಿ ಮುಚ್ಚಿಟ್ಟರೆ ವಾರ್ನಿಷ್ ಗುಳ್ಳೆಯೇಳುತ್ತದೆ, ಬೂಷ್ಟು ಹಿಡಿಯುತ್ತದೆ. ಗೋಡೆಗೆ ಒರಗಿಸಿ ಬಹುಕಾಲ ಬಿಟ್ಟರೆ ಅದು ಡೊಂಕಾಗಿ ನಿಲ್ಲುವುದೂ ಉಂಟು.

ರಕ್ಷಣಾ ಕೊಳವೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕೋಲಿನ ತುಂಡುಗಳನ್ನು ತೋಡುಗಳುಳ್ಳ ಮರದ ಪಟ್ಟಿಗೆ ಹೊಂದಿಸಿ ಬಟ್ಟೆಯ ಚೀಲದಲ್ಲಿಡುತ್ತಿದ್ದರು. ಸೂಕ್ಷ್ಮವಾದ ತುದಿಗಳಿಗೆ ಟೊಳ್ಳು ಬಿದಿರಿನ ಒರೆಯೂ ಬಳಕೆಯಲ್ಲಿತ್ತು. ಇಂದು ಅಲ್ಯೂಮಿನಿಯಂ ಕೊಳವೆ, ಬಟ್ಟೆ ಹೊದಿಸಿದ ಪ್ಲಾಸ್ಟಿಕ್ ಕೊಳವೆ ಸಾಮಾನ್ಯ. ಕೊಳಾಯಿ ಕೆಲಸದ ಪಿವಿಸಿ ಪೈಪಿಗೆ ಎರಡೂ ಕಡೆ ಮುಚ್ಚಳ ಹಾಕಿಕೊಂಡರೂ ಕೆಲಸ ನಡೆಯುತ್ತದೆ, ಖರ್ಚೂ ಕಡಿಮೆ.

ಗಟ್ಟಿ ಕೊಳವೆಯೊಂದೇ ಸಾಲದು. ಒಳಗೆ ತುಂಡುಗಳು ಅಲುಗಾಡಿದರೆ ಒಂದರ ಉಂಗುರ ಇನ್ನೊಂದರ ಮೈಯನ್ನು ಉಜ್ಜುತ್ತದೆ. ಆದ್ದರಿಂದ ಪ್ರತಿ ತುಂಡಿಗೂ ಬೇರೆ ಅರೆಯಿರುವ ಬಟ್ಟೆಯ ಚೀಲ ಬಳಸಿ, ಕೊಳವೆಯ ಎರಡು ತುದಿಗಳಲ್ಲಿ ಸ್ಪಂಜು ಅಥವಾ ಬಟ್ಟೆ ತುಂಬಬೇಕು. ತುದಿಯ ತುಂಡನ್ನು ಬುಡದ ದಪ್ಪ ತುಂಡಿನ ಪಕ್ಕದಲ್ಲಿಡುವುದು ರೂಢಿ. ರೀಲನ್ನು ಕಳಚಿ ಬೇರೆಯಾಗಿ ಒಯ್ಯಲಾಗುತ್ತದೆ.

ವಿಮಾನ ಮತ್ತು ರೈಲು

ಒಂಬತ್ತು ಅಡಿಯ ಕೋಲು ನಾಲ್ಕು ತುಂಡುಗಳದ್ದಾದರೆ ಪ್ರತಿ ತುಂಡು ಸುಮಾರು 70 ಸೆಂ.ಮೀ. ಇರುತ್ತದೆ. ಅನೇಕ ವಿಮಾನ ಸಂಸ್ಥೆಗಳ ಕೈಚೀಲದ ಉದ್ದದ ಮಿತಿ 55 ಸೆಂ.ಮೀ. ಆಸುಪಾಸಿನಲ್ಲಿರುವುದರಿಂದ, ಕೊಳವೆಯನ್ನು ಒಳಗೆ ಬಿಡುವುದು ಹಲವೊಮ್ಮೆ ಸಿಬ್ಬಂದಿಯ ವಿವೇಚನೆಗೆ ಬಿಟ್ಟ ವಿಷಯ. ಐದರಿಂದ ಏಳು ತುಂಡುಗಳ ಪ್ರವಾಸಿ ಕೋಲುಗಳು ಬಳಕೆಗೆ ಬಂದಿರುವುದು ಇದೇ ಕಾರಣಕ್ಕೆ. ಅಮೆರಿಕದ ಸಾರಿಗೆ ಭದ್ರತಾ ಆಡಳಿತವು ಕೋಲುಗಳನ್ನು ಕೈಚೀಲದಲ್ಲೂ ಅನುಮತಿಸುತ್ತದೆ. ದೊಡ್ಡ ಗಾಳದ ಕೊಕ್ಕೆಗಳನ್ನು ಮಾತ್ರ ಸುತ್ತಿ, ವಿಮಾನದ ಸರಕುಕೋಣೆಗೆ ಹೋಗುವ ಪೆಟ್ಟಿಗೆಯಲ್ಲಿಡಲು ಸೂಚಿಸುತ್ತದೆ.

ರೈಲು ನಿಲ್ದಾಣದಲ್ಲಿ ಅಪಾಯವಿರುವುದು ಕೋಲಿಗಲ್ಲ, ಹಿಡಿದವರಿಗೆ. ಕಾರ್ಬನ್ ವಿದ್ಯುತ್ ವಾಹಕ. ಭಾರತದ ಹಾಗೂ ಬ್ರಿಟನ್ನಿನ ವಿದ್ಯುದೀಕೃತ ಮಾರ್ಗಗಳ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತದೆ; ಕೋಲು ಅದಕ್ಕೆ ತಾಗಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ವಿದ್ಯುತ್ ಜಿಗಿಯಬಲ್ಲದು. ಜೋಡಿಸಿದ ಕೋಲನ್ನು ಎತ್ತಿ ಹಿಡಿದು ಪ್ಲಾಟ್‌ಫಾರ್ಮಿನಲ್ಲಾಗಲಿ, ಹೊಲದ ಮೇಲಿನ ವಿದ್ಯುತ್ ತಂತಿಗಳ ಕೆಳಗಾಗಲಿ ನಡೆಯಬಾರದು. ಬ್ರಿಟನ್ನಿನಲ್ಲಿ ಇಂತಹ ಸ್ಪರ್ಶದಿಂದ ಗಾಳಗಾರರು ಸತ್ತಿದ್ದು, ತಂತಿ ಹಾದುಹೋಗುವ ದಡಗಳಲ್ಲಿ ಎಚ್ಚರಿಕೆಯ ಫಲಕಗಳಿವೆ.

ತಲುಪಿದ ಮೇಲೆ

ಒಣಗಿದ ಬಟ್ಟೆಯಿಂದ ಒರೆಸಿ, ಪ್ರತಿ ತುಂಡನ್ನೂ ಬೆಳಕಿಗೆ ಹಿಡಿದು ಹೊರಳಿಸಿ ನೋಡಲಾಗುತ್ತದೆ. ಉಂಗುರಗಳ ಒಳಗಿನ ಪಿಂಗಾಣಿಯ ಕೂದಲೆಳೆಯ ಬಿರುಕು ಕಣ್ಣಿಗೆ ಬೀಳದಿದ್ದರೂ ದಾರವನ್ನು ಸವೆಸುತ್ತದೆ. ಹತ್ತಿಯ ಚೂರನ್ನು ಉಂಗುರದೊಳಗೆ ಸುತ್ತ ಆಡಿಸಿದರೆ, ಬಿರುಕಿದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.